ಕಾನೂನಿನೊಳಗಿನ ಜೂಜು: ಉಬ್ರಾಣಿಯಿಂದ ಹೊರಟವನು ಕಾಣುವ ಕರ್ನಾಟಕ, ನೆರೆನಾಡು ಮತ್ತು ಜಪಾನ್

ಸರ್ಕಾರದ ಪರವಾನಗಿ ಪಡೆದು, ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ಹೊತ್ತಿನಲ್ಲಿ, ತೆರಿಗೆ ಕಟ್ಟಿ ಆಡುವ ಪಣದಾಟಕ್ಕೆ ಕಾನೂನುಬದ್ಧ ಜೂಜು ಎನ್ನಬಹುದು. ಈ ಕಟ್ಟಳೆಗಳಲ್ಲಿ ಒಂದು ತಪ್ಪಿದರೂ ಅದೇ ಆಟ ಅಪರಾಧವಾಗುತ್ತದೆ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿ ನಿಂತು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಊರಿನ ಅರಳಿಕಟ್ಟೆಯ ಮೇಲೆ ಹಣವಿಟ್ಟು ಎಲೆ ಹಾಕಿದವರನ್ನು ಪೊಲೀಸರು ಹಿಡಿಯುತ್ತಾರೆ. ದಾವಣಗೆರೆಯಲ್ಲಿ ವಾಸ್ಕೊ ರೈಲು ಹತ್ತಿ ಗೋವಾಕ್ಕೆ ಹೋದರೆ ಅದೇ ಆಟಕ್ಕೆ ಮೇಜು, ಕುರ್ಚಿ, ಊಟ, ಕುಡಿತ, ಕುಣಿತ ಎಲ್ಲ ಸಿದ್ಧವಿರುತ್ತದೆ. ಬೆಂಗಳೂರಿಗೆ ಹೋದರೆ ಕುದುರೆಯ ಮೇಲೆ ದುಡ್ಡು ಕಟ್ಟಬಹುದು. ಕರಾವಳಿಗೆ ಇಳಿದು ತಲಪಾಡಿ ಗಡಿ ದಾಟಿದರೆ ಲಾಟರಿ ಚೀಟಿ ಕೊಳ್ಳಬಹುದು. ಮನುಷ್ಯ ಅವನೇ, ಆಸೆಯೂ ಅದೇ. ಗಡಿಯ ಕಲ್ಲು ಮಾತ್ರ ಬೇರೆ.

ಪ್ರವಾಸಿಗಳಿಗೆ ಈ ಬಗೆಯ ಅಚ್ಚರಿ ಹುಟ್ಟಿಸುವ ದೇಶಗಳಲ್ಲಿ ಜಪಾನ್ ಮುಖ್ಯವಾದದ್ದು. ಅಲ್ಲಿನ ದಂಡಸಂಹಿತೆ ಜೂಜನ್ನು ನಿಷೇಧಿಸುತ್ತದೆ, ಆದರೆ ಪ್ರತಿ ಪೇಟೆಯಲ್ಲೂ ಪಚಿಂಕೊ ಅಂಗಡಿಗಳು ಝಗಝಗಿಸುತ್ತವೆ. ನಮ್ಮ ಕಡೆಯ ಏರ್ಪಾಡೂ ಅದಕ್ಕಿಂತ ಕಡಿಮೆ ವಿಚಿತ್ರವಾದದ್ದಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಜೂಜಿಗೆ ರಾಜ್ಯದ ಕಾವಲು ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದೇ ಕಡೆ ಆಡಿಸುವುದು, ದಾಳಗಳನ್ನು ತಾನೇ ಒದಗಿಸುವುದು, ಗೆದ್ದವನಿಂದ ನೂರಕ್ಕೆ 5ರಂತೆ ವಸೂಲಿ ಮಾಡುವುದು ಅವನ ಕೆಲಸ. ಇಂದಿನ ಪರವಾನಗಿ, ತೆರಿಗೆಗಳ ಬೀಜ ಅಲ್ಲೇ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸದಲ್ಲಿ ದಾಳದಾಟ, ಕೋಳಿ ಕಾಳಗ ಮೊದಲಾದವು ಅರಸನ ವಿನೋದಗಳಾಗಿ ಬರುತ್ತವೆ. ಇತ್ತ ಜೈನ ಪರಂಪರೆ ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿತು. ಧರ್ಮರಾಯನ ಕಥೆ ಕೇಳಿ ಬೆಳೆದ ನಾಡಿಗೆ ಜೂಜಿನ ಕೇಡನ್ನು ಬೇರೆಯಾಗಿ ಹೇಳಬೇಕಿರಲಿಲ್ಲ. ಆದರೂ ಕಾರ್ತಿಕ ಶುದ್ಧ ಪಾಡ್ಯಕ್ಕೆ, ಅಂದರೆ ನಮ್ಮ ಬಲಿಪಾಡ್ಯಮಿಗೆ, ಶಾಸ್ತ್ರಗ್ರಂಥಗಳಲ್ಲಿ ದ್ಯೂತ ಪ್ರತಿಪದೆ ಎಂಬ ಹೆಸರೂ ಉಳಿದಿದೆ. ಬೈಯುವುದಕ್ಕೂ ಆಡುವುದಕ್ಕೂ ನಮ್ಮವರು ಸಮನಾಗಿ ಜಾಗ ಕೊಟ್ಟಿದ್ದರು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗ, ಗಂಜೀಫ ಮತ್ತು ಹಲವು ಮಣೆಯಾಟಗಳಲ್ಲಿ ಪರಿಣತರಾಗಿದ್ದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗವನ್ನು ಇಂಥ ಆಟಗಳಿಗೇ ಮೀಸಲಿಟ್ಟಿದ್ದಾರೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯ ಎಂಬ ಹೆಸರಿನಲ್ಲಿ ನಡೆಸುವ ಪ್ರದರ್ಶನಗಳಲ್ಲಿ ಪಗಡೆ ಹಾಸು, ಚೌಕಾಬಾರ, ಅಳಗುಳಿ ಮಣೆಗಳ ಹೊಸ ರೂಪಗಳನ್ನು ನೋಡಬಹುದು. ಇವುಗಳಲ್ಲಿ ಹೆಚ್ಚಿನವು ಪಣವಿಲ್ಲದೆಯೂ ಚೆನ್ನಾಗಿರುವ ಆಟಗಳು. ಆಟಕ್ಕೆ ಹಣ ಹೇಗೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇವುಗಳಲ್ಲಿ ಉತ್ತರ ಸಿಕ್ಕುವುದಿಲ್ಲ. ಅದಕ್ಕೆ ಮೊದಲು ಕಾನೂನನ್ನು ನೋಡಿ, ಆಮೇಲೆ ಕುದುರೆ ರೇಸಿಗೆ ಬರಬೇಕು.

ಕಾನೂನು ಗೆರೆ ಎಳೆದದ್ದು ಎಲ್ಲಿ

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಜೂಜು ಮತ್ತು ಬಾಜಿ ರಾಜ್ಯಪಟ್ಟಿಯ 34ನೆಯ ಬಾಬು. ಅದರ ಮೇಲಿನ ತೆರಿಗೆ 2016ರವರೆಗೆ 62ನೆಯ ಬಾಬಿನಲ್ಲಿತ್ತು. ಸರ್ಕಾರಗಳು ನಡೆಸುವ ಲಾಟರಿ ಮಾತ್ರ ಕೇಂದ್ರಪಟ್ಟಿಯ 40ನೆಯ ಬಾಬಿಗೆ ಸೇರಿತು. ರಾಜ್ಯಕ್ಕೊಂದು ನಡೆ ಇರುವುದಕ್ಕೆ ಮೂಲ ಕಾರಣ ಇದೇ.

ಕರ್ನಾಟಕದಲ್ಲಿ ಇದನ್ನು ಆಳುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಜೂಜು ಅಡ್ಡೆ ನಡೆಸುವುದು, ಅಲ್ಲಿ ಸಿಕ್ಕಿಬೀಳುವುದು, ಬೀದಿಯಲ್ಲಿ ಆಡುವುದು ಇವಕ್ಕೆಲ್ಲ ಬೇರೆ ಬೇರೆ ಕಲಮುಗಳಿವೆ. ಪತ್ರಿಕೆಗಳ ಅಪರಾಧ ಅಂಕಣದಲ್ಲಿ ‘ಅಂದರ್ ಬಾಹರ್ ಆಡುತ್ತಿದ್ದವರ ಬಂಧನ, ಪಣಕ್ಕಿಟ್ಟ ಹಣ ವಶ’ ಎಂಬ ಸುದ್ದಿ ಈ ಕಲಮುಗಳ ಫಲ. ಆದರೆ ಕಾಯ್ದೆಯ ವ್ಯಾಖ್ಯಾನದೊಳಗೇ ಒಂದು ಕಿಂಡಿ ಬಿಟ್ಟಿದ್ದಾರೆ. ಓಟ ನಡೆಯುವ ದಿನವೇ, ಪರವಾನಗಿ ಪಡೆದ ರೇಸ್ ಕೋರ್ಸಿನ ಗೊತ್ತಾದ ಆವರಣದಲ್ಲಿ, ಪರವಾನಗಿ ಇರುವ ಬುಕ್‌ಮೇಕರ್ ಅಥವಾ ಟೋಟಲೈಸೇಟರ್ ಮೂಲಕ ಕುದುರೆಯ ಮೇಲೆ ಹಣ ಕಟ್ಟಿದರೆ ಅದು ಜೂಜಲ್ಲ. ಆವರಣದ ಗೋಡೆ ದಾಟಿ ಹೊರಗಿನ ಚಹದಂಗಡಿಯಲ್ಲಿ ಅದೇ ಕುದುರೆಗೆ ಕಟ್ಟಿದರೆ ಜೂಜು. ಇನ್ನೊಂದು ಕಲಂ ಕೌಶಲದ ಆಟಗಳನ್ನು ಕಾಯ್ದೆಯಿಂದ ಹೊರಗಿಟ್ಟಿತು.

1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಂ ಪ್ರಕಾರ ಪಂದ್ಯದ ಕರಾರು ಅಸಿಂಧು. ಸೋತವನು ಕೊಡದಿದ್ದರೆ ಗೆದ್ದವನು ಕೋರ್ಟಿಗೆ ಹೋಗುವಂತಿಲ್ಲ. ಅಲ್ಲೂ ಕುದುರೆಗೆ ರಿಯಾಯಿತಿ ಇದೆ: 500 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ರೇಸ್ ಬಹುಮಾನಕ್ಕೆ ಕೊಡುವ ವಂತಿಗೆಯನ್ನು ಕಾಯ್ದೆ ಬದಿಗಿಟ್ಟು ಕಾಪಾಡಿದೆ. ದೊಡ್ಡವರ ಹವ್ಯಾಸಕ್ಕೆ ಬ್ರಿಟಿಷರ ಕಾಲದಿಂದಲೂ ಕಾನೂನಿನಲ್ಲಿ ಮೆತ್ತನೆಯ ಆಸನವಿತ್ತು ಎಂದರೆ ತಪ್ಪಾಗಲಾರದು.

ಕುದುರೆ ರೇಸು

ರಾಜ್ಯದೊಳಗೆ ಒಬ್ಬ ಪ್ರವಾಸಿ ಬಾಗಿಲಲ್ಲಿ ಟಿಕೆಟ್ ಕೊಂಡು ಹೋಗಿ ಬಹಿರಂಗವಾಗಿ ಹಣ ಕಟ್ಟಬಹುದಾದ ಹಳೆಯ ತಾಣಗಳು ಎರಡು. ಮೈಸೂರು ರೇಸ್ ಕ್ಲಬ್ 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಹುಟ್ಟಿತು. ಅದರ ಓಟದ ಬಯಲು ಚಾಮುಂಡಿ ಬೆಟ್ಟದ ಬುಡದಲ್ಲಿದೆ. ನೋಡುವುದಕ್ಕೆ ದೇಶದ ಚೆಲುವಾದ ರೇಸ್ ಕೋರ್ಸುಗಳಲ್ಲಿ ಅದೊಂದು. ದಸರೆಯ ಸುತ್ತಮುತ್ತಲ ಮೈಸೂರು ಡರ್ಬಿ ಅಲ್ಲಿನ ದೊಡ್ಡ ದಿನ. ಬೆಂಗಳೂರು ಟರ್ಫ್ ಕ್ಲಬ್ ಈಗಿನ ರೂಪದಲ್ಲಿ 1962ರಲ್ಲಿ ನೋಂದಣಿಯಾದದ್ದು. ಆದರೆ ಅಲ್ಲಿನ ಓಟ ಅದಕ್ಕಿಂತ ಎಷ್ಟೋ ಹಳೆಯದು. ನಗರದ ನಟ್ಟನಡುವೆ ಸುಮಾರು 85 ಎಕರೆ ಹಿಡಿದ ಈ ಜಾಗದ ಗುತ್ತಿಗೆ 2009ಕ್ಕೆ ಮುಗಿದು, ಸರ್ಕಾರ ಮತ್ತು ಕ್ಲಬ್ಬಿನ ಜಗ್ಗಾಟ ಅಂದಿನಿಂದ ನಡೆದೇ ಇದೆ. ಪಕ್ಕದ ರೇಸ್ ಕೋರ್ಸ್ ರಸ್ತೆಗೆ 2023ರಲ್ಲಿ ಅಂಬರೀಷ್ ಹೆಸರಿಟ್ಟರು. ಆಟೊದವರಿಗೆ ಅದು ಈಗಲೂ ರೇಸ್ ಕೋರ್ಸ್ ರಸ್ತೆಯೇ. ಬೇಸಗೆಯ ಸೀಸನ್ನು ಜುಲೈಗೆ ಡರ್ಬಿಯೊಂದಿಗೆ ಕಾವೇರುತ್ತದೆ. ಚಳಿಗಾಲದ್ದು ನವೆಂಬರಿನಿಂದ ಶುರು.

ರೇಸಿಗೆ ಮೊದಲ ಬಾರಿ ಬಂದವನು ಓಟವನ್ನು ನೋಡುತ್ತಾನೆ. ಹಳಬ ರೇಸ್ ಬುಕ್ಕನ್ನು ನೋಡುತ್ತಾನೆ. ಪುಟದಲ್ಲಿ ಒಂದೊಂದು ಕುದುರೆಗೂ ಒಂದೊಂದು ಸಾಲು: ಸಂಖ್ಯೆ, ಹೆಸರು, ತಂದೆ ತಾಯಿ ಕುದುರೆಗಳ ಹೆಸರು, ವಯಸ್ಸು, ಹೊರಬೇಕಾದ ತೂಕ ಕಿಲೋಗಳಲ್ಲಿ, ಜಾಕಿ, ತರಬೇತುದಾರ, ಗೇಟಿನ ಕ್ರಮ. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸಿ, ಸುಮಾರಾದದ್ದಕ್ಕೆ ಕಡಿಮೆ ಹೊರಿಸಿ ಎಲ್ಲವನ್ನೂ ಸರಿಗಟ್ಟುವ ಹ್ಯಾಂಡಿಕ್ಯಾಪ್ ಪದ್ಧತಿಯೇ ಇಡೀ ಒಗಟಿನ ತಿರುಳು. ಕಳೆದ ಓಟದಲ್ಲಿ ಗೆದ್ದದ್ದಕ್ಕೆ ಈ ಸಲ ಎರಡು ಮೂರು ಕಿಲೋ ಕೂಡಿದ್ದರೆ ಅದು ತಾಳೀತೇ? ಮಳೆ ಬಂದು ಹುಲ್ಲುಹಾಸು ಮೆತ್ತಗಾದರೆ ಯಾವುದಕ್ಕೆ ಅನುಕೂಲ? ಜಾಕಿ ಬದಲಾದದ್ದು ಏಕೆ? ಓಟಕ್ಕೆ ಮುಂಚೆ ಪ್ಯಾಡಾಕಿನಲ್ಲಿ ಕುದುರೆಗಳನ್ನು ಸುತ್ತಿಸುವಾಗ ಬೇಲಿಗೆ ಮೊಣಕೈ ಊರಿ ನಿಂತವರು ಬೆವರು, ಕಿವಿ, ನಡಿಗೆ ನೋಡಿ ತಲೆಯಾಡಿಸುತ್ತಾರೆ. ಈ ಲೆಕ್ಕಾಚಾರವನ್ನೇ ಹಿಡಿದು ಸುಪ್ರೀಂ ಕೋರ್ಟ್ 1996ರ ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಕುದುರೆ ರೇಸು ಪ್ರಧಾನವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. ತೀರ್ಪು ಕುದುರೆಯ ತಳಿ, ತರಬೇತಿ, ಸವಾರಿಗಳ ಬಗ್ಗೆ ಹೇಳಿದ್ದನ್ನು ಒಪ್ಪಬಹುದು. ಸ್ಟ್ಯಾಂಡಿನಲ್ಲಿ ಪಕ್ಕದವನ ಟಿಪ್ಸ್ ಕೇಳಿ ದುಡ್ಡು ಕಟ್ಟುವವನ ಕೌಶಲ ಎಷ್ಟೆಂಬುದು ಬೇರೆ ಮಾತು.

ಹಣ ಕಟ್ಟುವ ದಾರಿ ಎರಡು. ಟೋಟಲೈಸೇಟರ್ ಕಿಟಕಿಯಲ್ಲಿ ಕಟ್ಟಿದ ಹಣವೆಲ್ಲ ಒಂದು ರಾಶಿಗೆ ಬೀಳುತ್ತದೆ. ತೆರಿಗೆ, ಕ್ಲಬ್ಬಿನ ಪಾಲು ಕಳೆದು ಉಳಿದದ್ದನ್ನು ಗೆದ್ದ ಚೀಟಿಗಳವರು ಹಂಚಿಕೊಳ್ಳುತ್ತಾರೆ. ಆದ್ದರಿಂದ ಎಲ್ಲರೂ ಮೆಚ್ಚಿದ ಕುದುರೆ ಗೆದ್ದರೆ ಬರುವುದು ಪುಡಿಗಾಸು. ಯಾರೂ ಲೆಕ್ಕಕ್ಕಿಡದ್ದು ಗೆದ್ದರೆ ಕೆಲವರಿಗೆ ಹಬ್ಬ. ಈ ರಾಶಿ ಪದ್ಧತಿಯನ್ನು 1867ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಜೋಸೆಫ್ ಓಲೆ ರೂಢಿಗೆ ತಂದ. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಜಾರ್ಜ್ ಜೂಲಿಯಸ್ ಅದಕ್ಕೆ ಯಂತ್ರ ಕೂರಿಸಿದ. ಎರಡನೆಯ ದಾರಿ ಬುಕ್ಕಿಯದು. ಅವನು ಹಲಗೆಯ ಮೇಲೆ ದರ ಬರೆದು, ಆ ದರಕ್ಕೆ ತಾನೇ ಹೊಣೆಯಾಗುತ್ತಾನೆ. ಒಂದು ಕುದುರೆಗೆ ಹಣ ಸುರಿದರೆ ಅದರ ದರ ಇಳಿಸುತ್ತಾನೆ. ದರ ಸರಸರನೆ ಇಳಿಯುವುದನ್ನು ಕಂಡ ಕೂಡಲೇ ಒಳಗಿನ ಸುದ್ದಿ ಏನೋ ಇದೆ ಎಂದು ಜನ ಆ ಕುದುರೆಯ ಹಿಂದೆ ಬೀಳುತ್ತಾರೆ. ವಿನ್, ಪ್ಲೇಸ್ ಎಂಬ ಸರಳ ಪಣಗಳ ಜೊತೆಗೆ ಮೊದಲೆರಡು ಸ್ಥಾನಗಳ ಕ್ವಿನೆಲಾ, ಮೂರು ಓಟಗಳ ಟ್ರೆಬಲ್, ಐದು ಓಟಗಳ ಜಾಕ್‌ಪಾಟ್ ಇವೆ. ಹೊಸಬ ವಿನ್, ಪ್ಲೇಸ್ ದಾಟದಿರುವುದೇ ಲೇಸು.

ತೆರಿಗೆಯ ಭಾರ ಈಚೆಗೆ ಏರುತ್ತ ಬಂದಿದೆ. ಪಣದ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 40ಕ್ಕೆ ಏರಿತು. ತೆರಿಗೆ ಏರಿದಷ್ಟೂ ಹಣ ಗೋಡೆಯಾಚೆಯ, ಚೀಟಿಯಿಲ್ಲದ ಬುಕ್ಕಿಗಳ ಕಡೆ ಸರಿಯುತ್ತದೆ ಎಂಬುದು ಕ್ಲಬ್ಬುಗಳ ಹಳೆಯ ದೂರು. ಸರ್ಕಾರದ ದೂರು ಇನ್ನೊಂದು: ಗೋಡೆಯ ಒಳಗಿರುವವರೂ ತೆರಿಗೆ ತಪ್ಪಿಸುತ್ತಾರೆ. 2024ರ ಆರಂಭದಲ್ಲಿ ಬುಕ್‌ಮೇಕರುಗಳ ಮೇಲೆ ಪೊಲೀಸ್ ದಾಳಿ ನಡೆದು, ಆ ವರ್ಷ ರೇಸಿನ ಪರವಾನಗಿಯೇ ಹೈಕೋರ್ಟಿನ ಮೆಟ್ಟಿಲೇರಿತು. ಪ್ರವಾಸ ಹೊರಡುವವರು ಆ ವಾರ ಓಟ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ತುಮಕೂರು ಜಿಲ್ಲೆಯಲ್ಲಿ ಕುಣಿಗಲ್ ಸ್ಟಡ್ ಫಾರಂ ಇದೆ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಎಂದು ಹೆಸರಾದದ್ದು. 1992ರಿಂದ ಖಾಸಗಿ ಗುತ್ತಿಗೆಯಲ್ಲಿ ರೇಸಿನ ಕುದುರೆಗಳು ಅಲ್ಲಿ ಬೆಳೆದವು.

ಇಸ್ಪೀಟು, ಓ.ಸಿ., ಹಬ್ಬದ ಆಟ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಜೂಜೆಂದರೆ ಮೊದಲು ನೆನಪಾಗುವುದು ಇಸ್ಪೀಟು. ಯುಗಾದಿ ಮತ್ತು ದೀಪಾವಳಿಯ ಆಚೀಚೆ ತೋಟದ ಮನೆ, ಗುಡಿಯ ಹಿಂಭಾಗ, ಕಣಗಳಲ್ಲಿ ಎಲೆಗಳು ಬಿಚ್ಚುತ್ತವೆ. ಹಬ್ಬಕ್ಕೆಂದು ಕಾನೂನಿನಲ್ಲಿ ವಿನಾಯಿತಿ ಏನೂ ಇಲ್ಲ. ಬೇರೆ ದಿನ ಗದರುವ ಹಿರಿಯರು ಅಂದು ಸುಮ್ಮನಿರುತ್ತಾರೆ, ಅಷ್ಟೆ.

ಅಂದರ್ ಬಾಹರ್, ನಮ್ಮವರ ಮಾತಿನಲ್ಲಿ ಒಳಗೆ ಹೊರಗೆ, ಅತಿ ಸರಳ. ಕಟ್ಟಿನಿಂದ ಒಂದು ಎಲೆ ತೆಗೆದು ತೋರಿಸುತ್ತಾರೆ. ಕಳಾವರ ರಾಜ ಎಂದಿಟ್ಟುಕೊಳ್ಳಿ. ಒಳಗೆ, ಹೊರಗೆ ಎಂದು ಎರಡು ಕಡೆ ದುಡ್ಡು ಬೀಳುತ್ತದೆ. ಆಮೇಲೆ ಒಂದೊಂದೇ ಎಲೆ ಅತ್ತ ಇತ್ತ ಹಾಕುತ್ತ ಹೋಗುವುದು. ಇನ್ನೊಂದು ರಾಜ ಯಾವ ಪಕ್ಕಕ್ಕೆ ಬಿತ್ತೋ ಆ ಪಕ್ಕ ಗೆದ್ದಿತು. ಒಂದು ನಿಮಿಷದೊಳಗೆ ಆಟ ಮುಗಿಯುವುದರಿಂದಲೇ ಅದು ಅಪಾಯಕಾರಿ. ಲೆಕ್ಕ ಹಾಕಿದರೆ ಮೊದಲ ಎಲೆ ಬೀಳುವ ಪಕ್ಕಕ್ಕೆ ಗೆಲ್ಲುವ ಸಾಧ್ಯತೆ ನೂರಕ್ಕೆ 51.5ರಷ್ಟಿರುತ್ತದೆ. ಬರಿಗಣ್ಣಿಗೆ ಕಾಣದ ಈ ಒಂದೂವರೆಯನ್ನು ಕ್ಯಾಸಿನೊದವರು ಬಿಡುವುದಿಲ್ಲ; ಆ ಪಕ್ಕ ಗೆದ್ದವನಿಗೆ ನೂರಕ್ಕೆ 90 ಮಾತ್ರ ಕೊಟ್ಟು ಸರಿಮಾಡಿಕೊಳ್ಳುತ್ತಾರೆ.

ರಮ್ಮಿಯ ದಾರಿ ಬೇರೆ. ಸಿಕಂದರಾಬಾದಿನ ಒಂದು ರಿಕ್ರಿಯೇಷನ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ತೂಗಬೇಕು. ಮೂರೆಲೆಯ ಆಟದಂತೆ ಬರೀ ಅದೃಷ್ಟವಲ್ಲ ಎಂಬುದು ಕೋರ್ಟಿನ ವಾದ. ಜಿಲ್ಲಾ ಊರುಗಳಲ್ಲಿ ರಿಕ್ರಿಯೇಷನ್ ಕ್ಲಬ್ಬುಗಳು ಬೋರ್ಡು ಹಾಕಿ ಕೂತಿರುವುದು ಈ ತೀರ್ಪಿನ ನೆರಳಿನಲ್ಲಿ. ಕ್ಲಬ್ಬು ಮೇಜು, ದೀಪ, ಚಹಕ್ಕೆ ಶುಲ್ಕ ಪಡೆಯಬಹುದು. ಆಟದ ಹಣದಲ್ಲೇ ಪಾಲು ತೆಗೆದರೆ ಅಡ್ಡೆಯಾಗುತ್ತದೆ. ರಮ್ಮಿ ಬೋರ್ಡಿನ ಹಿಂದೆ ಮೂರೆಲೆ ನಡೆಯುತ್ತಿದೆ ಎಂಬ ದೂರಿನ ಮೇಲೆ ದಾಳಿಗಳಾಗುವುದೂ, ಕ್ಲಬ್ಬಿನವರು ಹೈಕೋರ್ಟಿಗೆ ಹೋಗುವುದೂ ಕರ್ನಾಟಕದಲ್ಲಿ ಸರ್ವೇಸಾಮಾನ್ಯ.

ಓ.ಸಿ. ಎಂದು ಕರೆಯುವ ಮಟ್ಕಾ ಪೂರ್ತಿ ಕಾನೂನುಬಾಹಿರ. ಅದರ ಹುಟ್ಟು 1960ರ ದಶಕದ ಮುಂಬಯಿಯಲ್ಲಿ. ಮೊದಲು ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರದ ಮೇಲೆ ಕಟ್ಟುತ್ತಿದ್ದರು. ಆ ಸುದ್ದಿ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತತೊಡಗಿದರು. ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಇದರ ಹೆಸರಾಂತ ದೊರೆಗಳು. ಓಪನ್, ಕ್ಲೋಸ್ ಎಂಬೆರಡು ಮಾತಿನ ಮೊದಲಕ್ಷರಗಳು ಉಳಿದು, ಹತ್ತಿಯ ನೆನಪೇ ಇಲ್ಲದ ಹಳ್ಳಿಗಳವರೆಗೂ ಹಬ್ಬಿದವು.

ಕರಾವಳಿಯ ಕೋಳಿ ಅಂಕಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡ್ಡಿಯಿದೆ. ಹೊನ್ನಾಳಿ, ನ್ಯಾಮತಿಯಿಂದ ಶಿಕಾರಿಪುರ, ಹಾವೇರಿ ಕಡೆಯವರೆಗೆ ನಡೆಯುವ ಹೋರಿ ಬೆದರಿಸುವ ಹಬ್ಬವನ್ನು ಜೂಜಿನ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಅಲ್ಲಿ ಬಹುಮಾನವಿದೆ, ಕೊಬ್ಬರಿ ಹಾರವಿದೆ, ಪೆಟ್ಟೂ ಇದೆ. ಪಣ ಅದರ ತಿರುಳಲ್ಲ. ಹಾಗೆ ನೋಡಿದರೆ ಈ ಸೀಮೆಯ ದೊಡ್ಡ ಪಣ ಅಡಿಕೆ ತೋಟದಲ್ಲಿದೆ. ಮರದ ಮೇಲಿನ ಫಸಲನ್ನು ಕಣ್ಣಂದಾಜಿನಲ್ಲಿ ಖೇಣಿ ಹಿಡಿದವನು ಮಳೆ, ಕೊಳೆ, ಧಾರಣೆ ಮೂರರ ಮೇಲೂ ದುಡ್ಡು ಕಟ್ಟಿದಂತೆ. ಅದಕ್ಕೆ ಕಾನೂನು ವ್ಯಾಪಾರ ಎನ್ನುತ್ತದೆ. ಅದು ಸರಿಯೇ, ಏಕೆಂದರೆ ಕೊನೆಗೆ ಅಡಿಕೆಯಾದರೂ ಕೈಗೆ ಸಿಗುತ್ತದೆ.

ಗಡಿಯಾಚೆಯ ಲಾಟರಿ

ಕರ್ನಾಟಕದಲ್ಲಿ ಸರ್ಕಾರಿ ಲಾಟರಿ ಬಹುಕಾಲ ಇತ್ತು. ಬಸ್ ನಿಲ್ದಾಣಗಳಲ್ಲಿ ಚೀಟಿ ತೂಗುಹಾಕಿದ ಸೈಕಲ್ಲುಗಳನ್ನು, ನಂತರ ಬಂದ ಆನ್‌ಲೈನ್ ಲಾಟರಿ ಅಂಗಡಿಗಳನ್ನು ನಡುವಯಸ್ಸಿನವರೆಲ್ಲ ಬಲ್ಲರು. ಒಂದಂಕಿ ಲಾಟರಿಯ ಚಟದಿಂದ ಮನೆಗಳು ಹಾಳಾದ ಕೂಗೆದ್ದ ಮೇಲೆ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ 2007ರಲ್ಲಿ ಎಲ್ಲ ಲಾಟರಿಯೂ ನಿಂತಿತು. 1998ರ ಲಾಟರಿ ನಿಯಂತ್ರಣ ಕಾಯ್ದೆಯಂತೆ ಒಂದು ರಾಜ್ಯ ಹೊರಗಿನ ಲಾಟರಿಗಳನ್ನು ತಡೆಯಬಹುದು; ಆದರೆ ತಾನೂ ನಡೆಸಬಾರದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತ್ತು. ತನ್ನದನ್ನಿಟ್ಟುಕೊಂಡು ನೆರೆಯವರದನ್ನು ಮಾತ್ರ ನಿಲ್ಲಿಸುವ ದಾರಿ ಇರಲಿಲ್ಲ.

ಕೇರಳ ಇದಕ್ಕೆ ತದ್ವಿರುದ್ಧ. ಅಲ್ಲಿ 1967ರಲ್ಲಿ ಲಾಟರಿ ಇಲಾಖೆಯೇ ಹುಟ್ಟಿತು. 1968ರ ಜನವರಿ 26ರಂದು ಮೊದಲ ಡ್ರಾ. ಚೀಟಿಗೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಈಗ ದಿನಕ್ಕೊಂದು ಲಾಟರಿ, ಹಬ್ಬಗಳಿಗೆ ಬಂಪರ್. ಮಂಜೇಶ್ವರ, ಕಾಸರಗೋಡಿನ ಕನ್ನಡಿಗರಿಗೆ ಇದು ಹಾಲು, ಪೇಪರಿನಷ್ಟೇ ಮಾಮೂಲು. ಮಂಗಳೂರಿನಿಂದ ತಲಪಾಡಿ ದಾಟಿದ ಕೂಡಲೇ, ಗುಂಡ್ಲುಪೇಟೆಯಿಂದ ವಯನಾಡಿಗೆ ಇಳಿದ ಕೂಡಲೇ ಚೀಟಿಯ ಮೇಜುಗಳು ಕಾಣತೊಡಗುತ್ತವೆ. 500 ರೂಪಾಯಿಯ ತಿರುವೋಣಂ ಬಂಪರಿನ 25 ಕೋಟಿ 2024ರ ಅಕ್ಟೋಬರಿನಲ್ಲಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು. ಚೀಟಿ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಬಂದ 25 ಕೋಟಿಯೂ ಕೈಗೆ ಸಿಗುವುದಿಲ್ಲ. ಏಜೆಂಟರ ಕಮಿಷನ್ ನೂರಕ್ಕೆ 10 ಮೊದಲು ಹೋಗುತ್ತದೆ, ಆಮೇಲೆ ನೂರಕ್ಕೆ 30ರಂತೆ ಆದಾಯ ತೆರಿಗೆ, ಅದರ ಮೇಲೆ ಸರ್ಚಾರ್ಜು. ಹೀಗೆ ಸೋತವರ ಹಣದಲ್ಲಿ ಒಂದು ಪಾಲು ಸರ್ಕಾರದ ಬೊಕ್ಕಸದ ಮೂಲಕ ಆಸ್ಪತ್ರೆಗಳಿಗೂ ಹೋಗುತ್ತದೆ. ಕೆ.ಎಂ. ಮಾಣಿ ಹಣಕಾಸು ಸಚಿವರಾಗಿದ್ದಾಗ ಆರಂಭವಾದ ಕಾರುಣ್ಯ ಲಾಟರಿಯ ಆದಾಯ ಬಡರೋಗಿಗಳ ಚಿಕಿತ್ಸೆಗೆಂದೇ ಮೀಸಲಾಗಿತ್ತು.

ಮಾಂಡೋವಿಯ ಹಡಗುಗಳು

ಕರ್ನಾಟಕದವರಿಗೆ ಕ್ಯಾಸಿನೊ ಎಂದರೆ ಗೋವಾ. 1976ರ ಗೋವಾ ಸಾರ್ವಜನಿಕ ಜೂಜು ಕಾಯ್ದೆಯೂ ಮೂಲತಃ ನಿಷೇಧದ್ದೇ. 1992ರ ತಿದ್ದುಪಡಿ ದೊಡ್ಡ ಹೋಟೆಲುಗಳಲ್ಲಿ ಯಂತ್ರಗಳಿಗೆ, 1996ರದ್ದು ಹಡಗುಗಳಲ್ಲಿ ಮೇಜಿನ ಆಟಗಳಿಗೆ ಬಾಗಿಲು ತೆಗೆಯಿತು. ಹೀಗಾಗಿ ನೆಲದ ಮೇಲೆ ಯಂತ್ರ, ನೀರಿನ ಮೇಲೆ ಎಲೆ ಎಂಬ ವಿಚಿತ್ರ ವಿಭಾಗ ಹುಟ್ಟಿತು. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಹಡಗುಗಳು ಎಲ್ಲಿಗೂ ಹೋಗುವುದಿಲ್ಲ. ದಡದಿಂದ ದೋಣಿಯಲ್ಲಿ ಕರೆದೊಯ್ಯುತ್ತಾರೆ. 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಬೇಕು. ಪ್ರವೇಶ ಶುಲ್ಕದಲ್ಲೇ ಊಟ, ಪಾನೀಯ, ಒಂದಷ್ಟು ಚಿಪ್ಪು ಸೇರಿರುತ್ತವೆ. ಆ ಚಿಪ್ಪನ್ನು ಆಡಲೇಬೇಕು, ಹಣಕ್ಕೆ ಬದಲಾಯಿಸಿಕೊಳ್ಳುವಂತಿಲ್ಲ. ಒಂದೇ ಸೊನ್ನೆಯ ರೂಲೆ ಚಕ್ರದಲ್ಲಿ 37 ಮನೆಗಳು. ಗೆದ್ದರೆ ಕೊಡುವುದು 36 ಮನೆಗಳ ಲೆಕ್ಕದಲ್ಲಿ. ಉಳಿದೊಂದು ಮನೆ ಮಾಲೀಕನದು. ಬ್ಯಾಕರಾ, ಬ್ಲ್ಯಾಕ್‌ಜ್ಯಾಕ್ ಜೊತೆಗೆ ತೀನ್ ಪತ್ತಿ, ಅಂದರ್ ಬಾಹರ್ ಮೇಜುಗಳಿಗೆ ನಮ್ಮ ಕಡೆಯವರ ನೂಕುನುಗ್ಗಲು.

ಗೋವಾದವರೇ ಅಲ್ಲಿ ಆಡುವಂತಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. 2012ರ ತಿದ್ದುಪಡಿಯ ಆಧಾರದಲ್ಲಿ 2020ರ ಫೆಬ್ರವರಿ 1ರಿಂದ ಸ್ಥಳೀಯರ ಪ್ರವೇಶ ನಿಂತಿತು. ಅಂದರೆ ದಾವಣಗೆರೆಯವನಿಗೆ ಹಡಗು ತೆರೆದಿದೆ, ಪಣಜಿಯವನಿಗಿಲ್ಲ. ನೇಪಾಳದಲ್ಲೂ ಕ್ಯಾಸಿನೊ ಬಾಗಿಲು ನೇಪಾಳಿಗಳಿಗೆ ಮುಚ್ಚಿದೆ. ತನ್ನ ಜನಕ್ಕೆ ಕೇಡು ಎಂದು ಒಪ್ಪಿಕೊಂಡ ವಸ್ತುವನ್ನು ನೆರೆಯವರಿಗೆ ಮಾರುವ ಈ ನೀತಿಯನ್ನು ಪ್ರವಾಸೋದ್ಯಮ ಎಂದು ಕರೆಯುತ್ತಾರೆ.

ಜಪಾನಿನ ಏರ್ಪಾಡು

ಜಪಾನಿನ 1907ರ ದಂಡಸಂಹಿತೆಯ 185ರಿಂದ 187ರವರೆಗಿನ ಕಲಮುಗಳು ಜೂಜು, ಲಾಟರಿಗಳನ್ನು ನಿಷೇಧಿಸುತ್ತವೆ. ಕ್ಷಣಿಕ ಮನರಂಜನೆಯ ವಸ್ತುವನ್ನು, ಉದಾಹರಣೆಗೆ ಒಂದು ಊಟವನ್ನು, ಪಣಕ್ಕಿಟ್ಟರೆ ಅಪರಾಧವಲ್ಲ ಎಂಬ ಉದಾರತೆಯೂ ಅಲ್ಲಿದೆ. ತೆಂಗಿನಕಾಯಿ ಪಂದ್ಯ ಕಟ್ಟುವ ನಮ್ಮ ಹಳ್ಳಿಗರು ಇದನ್ನು ಮೆಚ್ಚಿಯಾರು.

ಯುದ್ಧದಲ್ಲಿ ಸೋತು ಬೂದಿಯಾದ ಊರುಗಳನ್ನು ಮತ್ತೆ ಕಟ್ಟಲು ಹಣ ಬೇಕಾದಾಗ ಒಂದೊಂದಾಗಿ ವಿಶೇಷ ಕಾನೂನುಗಳು ಬಂದವು. 1948ರಲ್ಲಿ ಕುದುರೆ ರೇಸು, ಸೈಕಲ್ ರೇಸು ಮತ್ತು ಲಾಟರಿ, 1950ರಲ್ಲಿ ಮೋಟಾರ್ ಸೈಕಲ್ಲಿನ ಆಟೊ ರೇಸು, 1951ರಲ್ಲಿ ಮೋಟಾರು ದೋಣಿ ರೇಸು. ನಡೆಸುವವರು ಸರ್ಕಾರದ ಸಂಸ್ಥೆ ಅಥವಾ ಸ್ಥಳೀಯ ಆಡಳಿತಗಳೇ. ಕೈರಿನ್ ಎಂಬ ಸೈಕಲ್ ರೇಸು 1948ರಲ್ಲಿ ಕೊಕುರಾದಲ್ಲಿ ಆರಂಭವಾಗಿ ಮುಂದೆ ಒಲಿಂಪಿಕ್ಸಿಗೂ ಏರಿತು. ದೋಣಿ ರೇಸಿಗೆ 24 ಕಟ್ಟೆಗಳಿವೆ. ಆರಾರು ದೋಣಿಗಳು ನೀರಿನಲ್ಲಿ ಮೂರು ಸುತ್ತು ಹೊಡೆಯುತ್ತವೆ. ಕುದುರೆಯೋಟದ ಮುಖ್ಯ ಸಂಸ್ಥೆ ಜೆ.ಆರ್.ಎ. 1954ರದ್ದು, ಅದಕ್ಕೆ ಹತ್ತು ರೇಸ್ ಕೋರ್ಸುಗಳು.

ಬೆಂಗಳೂರಿನ ಸ್ಟ್ಯಾಂಡಿನಿಂದ ಟೋಕಿಯೊದ ಫುಚು ರೇಸ್ ಕೋರ್ಸಿಗೆ ಹೋದವನಿಗೆ ಕಾಣುವ ಮೊದಲ ವ್ಯತ್ಯಾಸ ಬುಕ್ಕಿ ಇಲ್ಲದಿರುವುದು. ಎಲ್ಲವೂ ರಾಶಿ ಪದ್ಧತಿ. ಕಾರ್ಡಿನ ಮೇಲೆ ಗುರುತು ಹಾಕಿ ಯಂತ್ರಕ್ಕೆ ತೂರಿಸಿದರೆ ಚೀಟಿ ಬರುತ್ತದೆ. 100 ಯೆನ್‌ನಿಂದ ಕಟ್ಟಬಹುದು. ಪ್ರವೇಶ ಶುಲ್ಕವೂ ಸಾಮಾನ್ಯ ದಿನಗಳಲ್ಲಿ ಚಹದ ದುಡ್ಡಿನಷ್ಟೇ. ಮಕ್ಕಳನ್ನು ಕರೆತಂದ ಸಂಸಾರಗಳು ಹುಲ್ಲಿನ ಮೇಲೆ ಬುತ್ತಿ ಬಿಚ್ಚಿರುತ್ತವೆ. ಹಣ ಕಟ್ಟಲು ಮಾತ್ರ 20 ವರ್ಷ ತುಂಬಿರಬೇಕು. ಕಟ್ಟಿದ ಹಣದಲ್ಲಿ ಸುಮಾರು ಮುಕ್ಕಾಲು ಪಾಲು ಗೆದ್ದವರಿಗೆ ಮರಳುತ್ತದೆ. ವಹಿವಾಟಿನ ನೂರಕ್ಕೆ 10ನ್ನು ಜೆ.ಆರ್.ಎ. ರಾಷ್ಟ್ರದ ಖಜಾನೆಗೆ ಕಟ್ಟುತ್ತದೆ. ಅಲ್ಲಿನ ಲಾಟರಿ ತಕರಕುಜಿಯಲ್ಲಿ ಅರ್ಧಕ್ಕಿಂತ ಕಡಿಮೆ ಮರಳುತ್ತದೆ. ಆದರೂ ವರ್ಷಾಂತ್ಯದ ಡ್ರಾಕ್ಕೆ ಜನ ಸಾಲು ನಿಲ್ಲುತ್ತಾರೆ. ದೋಣಿ ರೇಸಿನ ಹಣದಿಂದ 1962ರಲ್ಲಿ ಹುಟ್ಟಿದ ನಿಪ್ಪಾನ್ ಫೌಂಡೇಶನ್ ಜಗತ್ತಿನಾದ್ಯಂತ ಕುಷ್ಠರೋಗ ನಿವಾರಣೆಗೆ ನೆರವಾಗಿದೆ. ಭಾರತದಲ್ಲಿ ಕೆಲಸಮಾಡುವ ಸಸಕಾವಾ ಕುಷ್ಠರೋಗ ಪ್ರತಿಷ್ಠಾನದ ಬೇರೂ ಆ ದೋಣಿಗಳಲ್ಲೇ ಇದೆ.

ಪಚಿಂಕೊ ಈ ಯಾವ ಕಾನೂನಿಗೂ ಸೇರದು. ನೆಟ್ಟಗೆ ನಿಲ್ಲಿಸಿದ ಗಾಜಿನ ಹಲಗೆ, ಒಳಗೆ ನೂರಾರು ಮೊಳೆ, ಕೆಳಗೆ ಒಂದು ಹಿಡಿ. ಹಿಡಿ ತಿರುಗಿಸಿದಷ್ಟು ವೇಗದಲ್ಲಿ 11 ಮಿಲಿಮೀಟರಿನ ಉಕ್ಕಿನ ಗುಂಡುಗಳು ಮೇಲಕ್ಕೆ ಚಿಮ್ಮಿ ಮೊಳೆಗಳಿಗೆ ತಾಗುತ್ತ ಇಳಿಯುತ್ತವೆ. ನಡುವಿನ ಕಿಂಡಿಗೆ ಬಿದ್ದರೆ ಪರದೆಯ ಮೇಲೆ ಅಂಕಿಗಳು ತಿರುಗಿ, ಹೊಂದಿದರೆ ಗುಂಡುಗಳ ಸುರಿಮಳೆ. ಸಾವಿರಾರು ಗುಂಡು, ನೂರಾರು ಯಂತ್ರ, ಮೇಲೆ ಸಂಗೀತ. ಹೊರಗಿನಿಂದ ಬಂದವನ ಕಿವಿ ಕಿವುಡಾಗುವಷ್ಟು ಗದ್ದಲ. ಗುಂಡಿಗೆ 4 ಯೆನ್ ರೂಢಿಯ ದರ, ಕಡಿಮೆ ಹಣದವರಿಗೆ 1 ಯೆನ್‌ನವೂ ಇವೆ. 18 ತುಂಬಿದವರು ಒಳಹೋಗಬಹುದು. ಗೆದ್ದ ಗುಂಡುಗಳಿಗೆ ಅಂಗಡಿಯವನು ಹಣ ಕೊಡುವುದಿಲ್ಲ, ಕೊಡುವಂತಿಲ್ಲ. ಚಾಕೊಲೇಟು, ಸಿಗರೇಟು ಕೊಡುತ್ತಾನೆ. ಇಲ್ಲವೇ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ, ಒಳಗೆ ಚೂರು ಚಿನ್ನವಿರುವ ಬಿಲ್ಲೆ ಕೊಡುತ್ತಾನೆ. ಗೆದ್ದವನು ಅದನ್ನು ಹಿಡಿದು ಹೊರಬಂದು ಹತ್ತಿರದ ಓಣಿಯ ಪುಟ್ಟ ಕಿಟಕಿಗೆ ಹೋಗುತ್ತಾನೆ. ಒಳಗಿರುವವರ ಮುಖ ಕಾಣುವುದಿಲ್ಲ. ಒಂದು ಡ್ರಾಯರು ಹೊರಬರುತ್ತದೆ, ಬಿಲ್ಲೆ ಹೋಗುತ್ತದೆ, ನೋಟು ಬರುತ್ತದೆ. ಕಿಟಕಿಯವನು ಬಿಲ್ಲೆಯನ್ನು ಸಗಟು ವ್ಯಾಪಾರಿಗೆ, ಅವನು ಮತ್ತೆ ಅಂಗಡಿಗೆ ಮಾರುತ್ತಾನೆ. ಕಾಗದದ ಮೇಲೆ ಮೂವರಿಗೂ ಸಂಬಂಧವಿಲ್ಲ. ನಮ್ಮ ಕ್ಲಬ್ಬುಗಳಲ್ಲಿ ಹಣದ ಬದಲು ಟೋಕನ್ ಇಟ್ಟು ಆಡುವ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಸಿನೊಗೆ ಜಪಾನ್ ತಡವಾಗಿ ಒಪ್ಪಿತು. 2016 ಮತ್ತು 2018ರ ಕಾನೂನುಗಳಂತೆ ಒಸಾಕಾದ ಯುಮೆಶಿಮಾ ದ್ವೀಪದಲ್ಲಿ ಮೊದಲನೆಯದು ಏಳುತ್ತಿದೆ. 2030ಕ್ಕೆ ತೆರೆಯುವ ಯೋಜನೆ. ಅಲ್ಲಿ ವಾಸವಿರುವವರಿಗೆ 6,000 ಯೆನ್ ಪ್ರವೇಶ ಶುಲ್ಕ, ವಾರಕ್ಕೆ ಮೂರೇ ಸಲ, 28 ದಿನಗಳಲ್ಲಿ ಹತ್ತೇ ಸಲ ಎಂಬ ಮಿತಿ. ಪರದೇಶಿ ಪ್ರವಾಸಿಗೆ ಶುಲ್ಕವಿಲ್ಲ. ಗೋವಾದಂತೆ ಸ್ವಂತ ಜನರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲವಾದರೂ ಯೋಚನೆಯ ದಾರಿ ಒಂದೇ.

ಕೈಯೊಳಗಿನ ಫೋನು

ಜಾಗ, ದಿನ, ಗೋಡೆಗಳ ಮೇಲೆ ನಿಂತ ಈ ಕಾನೂನುಗಳನ್ನೆಲ್ಲ ಮೊಬೈಲು ಅಲ್ಲಾಡಿಸಿತು. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್, ಕೌಶಲದ ಆಟಗಳನ್ನೂ ಸೇರಿಸಿ ಬಡಿದದ್ದು ಸಲ್ಲದು ಎಂದು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಮೂರು ವರ್ಷಗಳ ಮೇಲೆ ಸಂಸತ್ತೇ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಕೌಶಲ, ಅದೃಷ್ಟ ಎಂಬ ಭೇದವಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವೆಲ್ಲ ನಿಷಿದ್ಧ. ಡ್ರೀಮ್ ಇಲೆವೆನ್‌ನಂಥ ಆ್ಯಪ್‌ಗಳು ಹಣದ ಸ್ಪರ್ಧೆಗಳನ್ನು ಕೂಡಲೇ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳಲ್ಲಿ ಹೂಡಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಕಟ್ಟೆಯ ಆಟಕ್ಕೆ ಕತ್ತಲಾದರೆ ಕೊನೆಯಿತ್ತು, ರೇಸಿಗೆ ವಾರದ ಬಿಡುವಿತ್ತು. ಫೋನಿಗೆ ಎರಡೂ ಇರಲಿಲ್ಲ ಎಂಬುದು ಈ ಕಾಯ್ದೆಯ ಪರವಾಗಿ ಹೇಳಬಹುದಾದ ಗಟ್ಟಿ ಮಾತು.

ಚಟ ಹಿಡಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಫೋನು, ಆನ್‌ಲೈನ್ ಆಟಗಳ ಗೀಳಿಗೆಂದು 2014ರಿಂದ ಷಟ್ ಎಂಬ ಕ್ಲಿನಿಕ್ಕೂ ನಡೆಯುತ್ತಿದೆ. ಜಪಾನ್ 2018ರಲ್ಲಿ ಜೂಜಿನ ವ್ಯಸನ ನಿವಾರಣೆಗೆಂದೇ ಮೂಲ ಕಾನೂನು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಗೀಳು ಕಾಯಿಲೆಯೆಂದೇ ದಾಖಲಾಗಿದೆ.

ನಮ್ಮ ದೇಶದಲ್ಲಿ ರೇಸು, ಲಾಟರಿ, ಕ್ಯಾಸಿನೊ ಯಾವುದರಲ್ಲೇ ಗೆದ್ದರೂ ಆದಾಯ ತೆರಿಗೆ ನೂರಕ್ಕೆ 30, ಜೊತೆಗೆ ಸೆಸ್ಸು. 10,000 ರೂಪಾಯಿ ಮೀರಿದ ಲಾಟರಿ, ರೇಸಿನ ಗೆಲುವಿನಲ್ಲಿ ಕೊಡುವವರೇ ಮುರಿದುಕೊಂಡು ಕೊಡುತ್ತಾರೆ. ಬೇರೆ ಆದಾಯ ಇಲ್ಲದವನಿಗೂ ಇದರಲ್ಲಿ ಕನಿಷ್ಠ ಮಿತಿಯ ವಿನಾಯಿತಿ ಇಲ್ಲ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯಲು ಲಾಟರಿ, ಕ್ಯಾಸಿನೊ, ರೇಸಿನ ಪಂಟರಿಗೆ ಅವಕಾಶವಿಲ್ಲ. ರೇಸಿನ ಕುದುರೆ ಸಾಕುವ ಮಾಲೀಕನಿಗೆ ಮಾತ್ರ ಅದರ ಖರ್ಚಿನ ನಷ್ಟವನ್ನು ಮುಂದಿನ ನಾಲ್ಕು ವರ್ಷಗಳವರೆಗೆ ಒಯ್ಯುವ ಸವಲತ್ತಿದೆ.